ಬ್ರೇಕಿಗೆ ಬಣ್ಣ, ಬಣ್ಣದ ಮೇಲೆ ಅಕ್ಷರ

ಹಳೆಯ ಕಾರನ್ನು ಮನೆಯ ಹಿರಿಯರಂತೆ ನೋಡಿಕೊಳ್ಳುವವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಈಗಲೂ ಉಂಟು. ಕೊಬ್ಬರಿ ಮಾರಿದ ಹಣದಲ್ಲಿ ಕೊಂಡ ಅಂಬಾಸಡರ್ ತೋಟದ ಮನೆಯಲ್ಲಿ ನಿಂತಿರುತ್ತದೆ. ೨೦೧೪ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ಈಗ ಮೊಮ್ಮಗನಿಗೆ ಅದನ್ನು ಹೊಸದಾಗಿಸುವ ಹುಮ್ಮಸ್ಸು. ಮೈಗೆ ಬಣ್ಣವಾಯಿತು, ಇನ್ನು ಚಕ್ರದೊಳಗಿನ ಬ್ರೇಕಿಗೂ ಬಣ್ಣ ಹಚ್ಚಿ, ಅದರ ಮೇಲೆ ಅಕ್ಷರ ಬರೆಸುವ ಆಸೆ. ಅಜ್ಜ ಕೇಳುತ್ತಾರೆ: "ಅಲ್ಲ ಕಣ್ಲಾ, ಬಣ್ಣ ಬಳುದ್ರೆ ಗಾಡಿ ನಿಂತ್ಕತ್ತದಾ?"

ಅಜ್ಜನ ಪ್ರಶ್ನೆ ಸರಿಯಾದುದೇ. ಮೊಮ್ಮಗನ ಆಸೆಯೂ ತಪ್ಪಲ್ಲ. ಇಬ್ಬರಿಗೂ ಸಲ್ಲುವ ನಾಲ್ಕು ಮಾತು ಹೇಳುತ್ತೇನೆ.

ಮೊದಲು ನಿಮ್ಮ ಕಾರಿನಲ್ಲಿರುವುದು ಯಾವ ಬ್ರೇಕು ಎಂಬುದನ್ನು ನೋಡಿ. ಹಳೆಯ ಅಂಬಾಸಡರುಗಳಲ್ಲಿರುವುದು ಡ್ರಮ್ ಬ್ರೇಕು. ಅಲ್ಲಿ ಡ್ರಮ್ಮಿನ ಹೊರಮೈಗಷ್ಟೇ ಬಣ್ಣ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂದುದು ಈಚಿನ ಕೆಲವು ಮಾದರಿಗಳಲ್ಲಿ. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಇದಕ್ಕೆ ೧೯೦೨ರಲ್ಲಿಯೇ ಪೇಟೆಂಟ್ ಪಡೆದಿದ್ದರು. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಾಗ ಲೋಕದ ಕಣ್ಣು ಅದರ ಮೇಲೆ ಬಿತ್ತು. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕು. ಪ್ಯಾಡುಗಳಿಂದ ಅದನ್ನು ಎರಡು ಕಡೆಯೂ ಅಮುಕಿ ಹಿಡಿಯುವ ಇಕ್ಕುಳವೇ ಕ್ಯಾಲಿಪರ್. ಇಕ್ಕುಳದ ಬೆನ್ನಿಗೆ ಬಣ್ಣ ಹಚ್ಚಬಹುದು, ಬಾಯಿಗೆ ಹಚ್ಚಕೂಡದು. ಇಷ್ಟು ನೆನಪಿಟ್ಟರೆ ಮುಕ್ಕಾಲು ಪಾಲು ಕಲಿತಂತೆ.

ಗಾಡಿಯನ್ನು ಬರಿಯ ಜಾಕನ್ನು ನಂಬಿ ಬಿಡದೆ ಸ್ಟ್ಯಾಂಡಿನ ಮೇಲೆ ಕೂರಿಸಿ. ಬ್ರೇಕಿನ ಧೂಳನ್ನು ಊದಬೇಡಿ. ತೆಂಗಿನ ನಾರಿನ ಧೂಳು ನಮಗೆ ಹೊಸದಲ್ಲ. ಆದರೆ ಹಳೆಯ ಬ್ರೇಕಿನಲ್ಲಿ ಇರಬಹುದಾದುದು ಕಲ್ನಾರಿನ ಧೂಳು, ಶ್ವಾಸಕೋಶಕ್ಕೆ ಮಾರಕ. ಬ್ರೇಕ್ ತೊಳೆಯುವ ದ್ರವದಿಂದ ನೆನೆಸಿ ಒರೆಸಿ, ಅನಂತರ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ. ಬೋಲ್ಟು ಬಿಗಿಯಾಗಿದೆಯೆಂದು ಕೈಗೆ ಸಿಕ್ಕಿದ ಕೊಬ್ಬರಿ ಎಣ್ಣೆ ಸುರಿಯಬೇಡಿ. ಎಣ್ಣೆ ಕುಡಿದ ಪ್ಯಾಡು ಹಿಡಿಯುವುದಿಲ್ಲ. ಕ್ಯಾಲಿಪರ್ ಬಿಚ್ಚಿದಿರಾದರೆ ಅದನ್ನು ರಬ್ಬರ್ ಕೊಳವೆಯಲ್ಲಿ ಜೋಲುಬಿಡದೆ ಹಗ್ಗದಿಂದ ಕಟ್ಟಿಡಿ.

ಡಿಸ್ಕು, ಪ್ಯಾಡು, ಪಿಸ್ಟನ್ನಿನ ರಬ್ಬರು, ಜಾರುವ ಪಿನ್ನು, ಗಾಳಿ ಬಿಡುವ ನಿಪ್ಪಲ್ — ಇವನ್ನೆಲ್ಲ ಕಾಗದ, ಟೇಪುಗಳಿಂದ ಮುಚ್ಚಿ. ಬಣ್ಣ ಕಾವು ತಡೆಯುವಂಥದಾಗಿರಲಿ. ಬಾಗಿಲಿಗೆ ಬಳಿದು ಉಳಿದ ಬಣ್ಣ ಇಲ್ಲಿ ಬಾಳದು. ತೆಳುವಾಗಿ ಎರಡು ಮೂರು ಸಲ ಹಚ್ಚಿ, ಪ್ರತಿ ಸಲವೂ ಒಣಗಲು ಬಿಡಿ. ಅಟ್ಟದ ಮೇಲಿನ ಕಾಯಿಯ ನೀರು ತಿಂಗಳುಗಟ್ಟಲೆ ಆರಿ ಉಂಡೆ ಕೊಬ್ಬರಿಯಾಗುವವರೆಗೆ ಕಾಯುವ ನಿಮಗೆ ತಾಳ್ಮೆಯ ಪಾಠ ಬೇಕಿಲ್ಲ.

ಇನ್ನು ಅಕ್ಷರ. ಕ್ಯಾಲಿಪರಿನ ಬೆನ್ನು ಅಗಲವಲ್ಲ, ಸಮವೂ ಅಲ್ಲ. 'ತಿಪಟೂರು' ಎಂದು ಬರೆಯುವುದು ಸುಲಭ. 'ಚಿಕ್ಕನಾಯಕನಹಳ್ಳಿ'ಗಾದರೆ ಎರಡು ಒತ್ತುಗಳಿಗೂ ಕೆಳಗೆ ಜಾಗ ಬಿಡಬೇಕು. ಕ್ಯಾಲಿಪರ್ ತನ್ನ ಸ್ಥಾನದಲ್ಲಿ ಕೂತಾಗ ಯಾವ ಕಡೆ ವಾಲುತ್ತದೆಂದು ನೋಡಿ ಗೆರೆ ಎಳೆದುಕೊಳ್ಳಿ; ಇಲ್ಲವಾದರೆ ಅಕ್ಷರ ಸೊಟ್ಟಗಾದೀತು.

ಆದರೆ ಅಂಬಾಸಡರಿನ ಚಕ್ರಕ್ಕೆ ಮುಚ್ಚಳ ಹಾಕಿದ ಮೇಲೆ ಅದನ್ನು ನೋಡುವವರಾರು? ಚಕ್ರ ಬಿಚ್ಚುವ ಮೆಕ್ಯಾನಿಕ್ ಒಬ್ಬನೇ. ಆದುದರಿಂದ ಅವನಿಗೆ ಬೇಕಾದುದನ್ನೇ ಬರೆಯಿರಿ: ಬ್ರೇಕ್ ಎಣ್ಣೆ ಬದಲಾಯಿಸಿದ ತಿಂಗಳು ಮತ್ತು ವರ್ಷ. ಅಂಕಿಗೆ ಒತ್ತಿನ ತೊಂದರೆಯೂ ಇಲ್ಲ. ಸಾಮಾನ್ಯ ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಕಾವೇರಿದಾಗ ಆ ನೀರು ಆವಿಯಾಗಿ ಪೆಡಲು ಕುಸಿಯುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವುದು ವಾಡಿಕೆ. ಇದೇ ಎಣ್ಣೆ ಬಣ್ಣವನ್ನೂ ತಿನ್ನುತ್ತದೆ. ನಿಪ್ಪಲ್ಲಿನ ಕೆಳಗೆ ಬಣ್ಣ ಉಬ್ಬಿ ಎದ್ದಿತೆಂದರೆ ಎಣ್ಣೆ ಸೋರುತ್ತಿದೆಯೇ ಎಂದು ಕೂಡಲೇ ನೋಡಿಸಿ. ಬಣ್ಣ ಹೀಗೆ ಕಾವಲಿಗೂ ಒದಗುತ್ತದೆ.

ಎಲ್ಲ ಜೋಡಿಸಿದ ಮೇಲೆ, ಗಾಡಿ ಹೊರಡಿಸುವ ಮುನ್ನ, ಪೆಡಲನ್ನು ಗಟ್ಟಿಯಾಗುವವರೆಗೆ ತುಳಿಯಿರಿ. ಬಿಚ್ಚಿ ಜೋಡಿಸಿದ ಬ್ರೇಕು ಮೊದಲ ತುಳಿತಕ್ಕೆ ಹಿಡಿಯದೆ ಇರಬಹುದು. ಸಂದೇಹವಿದ್ದರೆ ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ. ತೋಟದ ದಾರಿಯಲ್ಲಿ ಮೆಲ್ಲಗೆ ನಡೆಸಿ ನಿಲ್ಲಿಸಿ ನೋಡಿ. ಅನಂತರ ಅಜ್ಜನನ್ನು ಕೂರಿಸಿಕೊಂಡು ಹೊರಡಿ.