ಗ್ರಾಮ ಪಂಚಾಯತ್ ಎಂಬ ಉದ್ಯೋಗದಾತ: ಬದಲಾದ ಕಾರ್ಮಿಕ ಕಾನೂನು ಮತ್ತು ಸದಸ್ಯರ ಹೊಣೆ

(ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಸಾಮಾನ್ಯ ಸಭೆಯಲ್ಲಿ ರಸ್ತೆ, ದಾರಿದೀಪ, ಕುಡಿಯುವ ನೀರು ಗಂಟೆಗಟ್ಟಲೆ ಚರ್ಚೆಯಾಗುತ್ತವೆ. ಆ ನೀರನ್ನು ಬಿಡುವವರ ವೇತನದ ವಿಷಯವಾದರೋ ಬಹುಮಟ್ಟಿಗೆ ಕಾರ್ಯಸೂಚಿಯ ಕೊನೆಯಲ್ಲಿ, ಸದಸ್ಯರು ಎದ್ದೇಳುವ ಹೊತ್ತಿಗೆ ಬರುತ್ತದೆ. ಪಂಚಾಯತ್ ತನ್ನನ್ನು ಸರಕಾರದ ಒಂದು ಅಂಗವೆಂದು ಭಾವಿಸುವುದು ಸಹಜ. ಆದರೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 113ನೇ ಪ್ರಕರಣದಂತೆ, ಜಿಲ್ಲಾ ಪಂಚಾಯತಿನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರ ಅನುಮೋದನೆ ಪಡೆದು ಬಿಲ್ ಕಲೆಕ್ಟರ್, ಪಂಪ್ ಚಾಲಕ, ಜವಾನ, ಸ್ವಚ್ಛತಾಗಾರ ಮೊದಲಾದವರನ್ನು ನೇಮಿಸಿಕೊಳ್ಳುವುದು ಪಂಚಾಯತೇ. ಕಾನೂನಿನ ದೃಷ್ಟಿಯಲ್ಲಿ ಅದು ಉದ್ಯೋಗದಾತ. ಅದರ ನಿರ್ಣಯಗಳಿಗೆ ಸಹಿ ಹಾಕುವ ಸದಸ್ಯರು ಆ ಹೊಣೆಯಲ್ಲಿ ಪಾಲುದಾರರು.

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು: 2019ರ ವೇತನ ಸಂಹಿತೆ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ ಹಾಗೂ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ. 29 ಕೇಂದ್ರ ಕಾಯಿದೆಗಳು ಇವುಗಳಲ್ಲಿ ವಿಲೀನಗೊಂಡಿವೆ. 1948ರ ಕನಿಷ್ಠ ವೇತನ ಕಾಯಿದೆ, 1972ರ ಉಪದಾನ ಪಾವತಿ ಕಾಯಿದೆ, ಈ ಭಾಗದ ಬೀಡಿ ಕಟ್ಟುವ ಮನೆಗಳಿಗೆ ಪರಿಚಿತವಾದ 1966ರ ಬೀಡಿ ಕಾರ್ಮಿಕರ ಕಾಯಿದೆ ಇವೆಲ್ಲವೂ ಆ ಪಟ್ಟಿಯಲ್ಲಿವೆ. ಹಳೆಯ ಕಾಯಿದೆ ಹೋಯಿತೆಂದರೆ ಹಳೆಯ ಅಧಿಸೂಚನೆಯೂ ಹೋಯಿತೆಂದು ಭಾವಿಸುವುದು ತಪ್ಪು. ಹೊಸ ಸಂಹಿತೆಗೆ ವಿರುದ್ಧವಾಗದ ಹಿಂದಿನ ನಿಯಮ, ಅಧಿಸೂಚನೆಗಳು ಮುಂದುವರಿಯುತ್ತವೆಂದು ಸಂಹಿತೆಯಲ್ಲೇ ಹೇಳಲಾಗಿದೆ. ಆದುದರಿಂದ ಪಂಚಾಯತ್ ನೌಕರರ ಕನಿಷ್ಠ ವೇತನದ ಅಧಿಸೂಚನೆಯನ್ನು ಬದಿಗಿಡುವಂತಿಲ್ಲ.

ಪತ್ರಿಕೆಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು ತಿಂಗಳ 7ನೇ ದಿನದೊಳಗೆ ಸಂಬಳ, ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳಲ್ಲಿ ಬಾಕಿ ಪಾವತಿ ಎಂಬ ನಿಯಮ. ಇಲ್ಲೊಂದು ಸೂಕ್ಷ್ಮವಿದೆ. ಈ ನಿಯಮಗಳಿರುವ ಅಧ್ಯಾಯವು ಸರಕಾರ ಪ್ರತ್ಯೇಕವಾಗಿ ಅಧಿಸೂಚಿಸದ ಹೊರತು 'ಸರಕಾರಿ ಸಂಸ್ಥೆ'ಗಳಿಗೆ ಅನ್ವಯಿಸದು. ಸಂಹಿತೆಯ ವ್ಯಾಖ್ಯೆಯಂತೆ ಸ್ಥಳೀಯ ಪ್ರಾಧಿಕಾರವೂ ಸರಕಾರಿ ಸಂಸ್ಥೆಯೇ. ಕನಿಷ್ಠ ವೇತನದ ಅಧ್ಯಾಯದಲ್ಲಿ ಅಂತಹ ವಿನಾಯಿತಿ ಇಲ್ಲ. ಒಂದೇ ಕೆಲಸಕ್ಕೆ ಗಂಡು-ಹೆಣ್ಣೆಂಬ ಭೇದವಿಲ್ಲದೆ ಸಮಾನ ವೇತನ ಎಂಬ ನಿಯಮಕ್ಕೂ ಇಲ್ಲ. ಅಂದರೆ ಸಂಬಳದ ದಿನಾಂಕದಲ್ಲಿ ಪಂಚಾಯತಿಗೆ ಕಾನೂನಿನ ಸಡಿಲಿಕೆ ದೊರೆತೀತು, ಮೊತ್ತದಲ್ಲಿ ದೊರೆಯದು. ದಿನಾಂಕದ ಸಡಿಲಿಕೆಯನ್ನೂ ಹಕ್ಕೆಂದು ಬಳಸುವ ಪಂಚಾಯತ್, ತೆರಿಗೆ ತಡವಾಯಿತೆಂದು ಗ್ರಾಮಸ್ಥರಿಗೆ ನೋಟಿಸು ಕೊಡುವಾಗ ತುಸು ಸಂಕೋಚಪಡಬೇಕಾದೀತು. ಪ್ರಾಸಂಗಿಕವಾಗಿ, ಸದಸ್ಯರಲ್ಲಿ ಅನೇಕರು ಅಡಿಕೆ, ರಬ್ಬರ್ ತೋಟಗಳ ಒಡೆಯರು. ಅವರಿಗೆ ಈ ವಿನಾಯಿತಿ ಇಲ್ಲ: ದಿನಗೂಲಿಯನ್ನು ಆ ದಿನದ ಕೆಲಸ ಮುಗಿದಾಗ, ವಾರದ ಕೂಲಿಯನ್ನು ವಾರದ ರಜೆಗೆ ಮುನ್ನ ಕೊನೆಯ ಕೆಲಸದ ದಿನ ಕೊಡತಕ್ಕದ್ದು.

ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕೃತಗೊಳ್ಳುತ್ತದೆ. ಪಂಚಾಯತಿನ ಆಯವ್ಯಯ ಸಿದ್ಧವಾಗುವುದು ಅದಕ್ಕೆ ಮೊದಲೇ. ಹಿಂದಿನ ವರ್ಷದ ವೇತನದ ಮೊತ್ತವನ್ನೇ ನಕಲು ಮಾಡಿದರೆ ಏಪ್ರಿಲ್ ತಿಂಗಳಿನಿಂದಲೇ ಬಾಕಿ ಬೆಳೆಯತೊಡಗುತ್ತದೆ. ಲೆಕ್ಕ ತಪಾಸಣೆಯ ವೇಳೆಗೆ ಅದು ದೊಡ್ಡ ಮೊತ್ತವಾಗಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಉಪದಾನ, ಅಂದರೆ ಗ್ರಾಚ್ಯುಟಿ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರ ಸರಕಾರವು 1982ರಷ್ಟು ಹಿಂದೆಯೇ ಅಧಿಸೂಚನೆಯ ಮೂಲಕ ಇದನ್ನು ಅನ್ವಯಿಸಿತ್ತು. ಐದು ವರ್ಷಗಳ ನಿರಂತರ ಸೇವೆ ಅಗತ್ಯ. ನೌಕರ ಮೃತಪಟ್ಟರೆ ಅಥವಾ ಅಂಗವಿಕಲನಾದರೆ ಆ ನಿರ್ಬಂಧವಿಲ್ಲ. ಲಿಖಿತ ಒಪ್ಪಂದದ ಮೇಲೆ ನಿಗದಿತ ಅವಧಿಗೆ ನೇಮಕಗೊಂಡವರಿಗೆ ಹೊಸ ಸಂಹಿತೆಯು ಒಂದು ವರ್ಷದ ಸೇವೆಗೇ ಉಪದಾನದ ಹಕ್ಕು ನೀಡಿದೆ. ಲೆಕ್ಕ ಸರಳ. ಕೊನೆಯ ಮಾಸಿಕ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಎಂದಿಟ್ಟುಕೊಂಡರೆ, 26ರಿಂದ ಭಾಗಿಸಿದಾಗ ದಿನಕ್ಕೆ 500. 15 ದಿನಗಳಿಗೆ 7,500. ಇಪ್ಪತ್ತು ವರ್ಷ ನೀರು ಬಿಟ್ಟ ಪಂಪ್ ಚಾಲಕನಿಗೆ 1,50,000 ರೂಪಾಯಿ ಸಲ್ಲಬೇಕು, ಅದೂ 30 ದಿನಗಳೊಳಗೆ. ತಡವಾದರೆ ಬಡ್ಡಿ ಸಹಿತ.

ಆದರೆ ಆ ಇಪ್ಪತ್ತರಲ್ಲಿ ಮೊದಲ ಎಂಟು ವರ್ಷಗಳಿಗೆ ನೇಮಕಾತಿಯ ನಿರ್ಣಯವೂ ಹಾಜರಿ ಪುಸ್ತಕವೂ ಇಲ್ಲವೆಂದಾದರೆ? 60,000 ರೂಪಾಯಿ ವಿವಾದಕ್ಕೆ ಬೀಳುತ್ತದೆ. ಆತ ದುಡಿದದ್ದನ್ನು ಊರೇ ಬಲ್ಲುದು, ಕಡತ ಮಾತ್ರ ಅರಿಯದು. ಪುತ್ತೂರು, ಸುಳ್ಯ ತಾಲೂಕುಗಳಿಂದ ಬೇರ್ಪಟ್ಟ ಗ್ರಾಮಗಳಿಂದ ಕಡಬ ತಾಲೂಕು ರಚನೆಯಾದ್ದರಿಂದ ಅಲ್ಲಿನ ಪಂಚಾಯತುಗಳ ಹಳೆಯ ಪತ್ರವ್ಯವಹಾರವನ್ನು ಹಿಂದಿನ ತಾಲೂಕು ಕಚೇರಿಗಳಲ್ಲಿಯೂ ಹುಡುಕಬೇಕಾಗುತ್ತದೆ. ಆ ಹುಡುಕಾಟ ನೌಕರ ನಿವೃತ್ತನಾದ ಬಳಿಕ ಆರಂಭವಾಗಬಾರದು. ಸೇವಾ ದಾಖಲೆಯನ್ನು ಈಗಲೇ ಸಿದ್ಧಪಡಿಸಿ, ಸಭೆಯ ಮುಂದಿಟ್ಟು, ಪ್ರತಿಯೊಂದನ್ನು ನೌಕರನಿಗೂ ನೀಡುವುದು ಸೂಕ್ತ. ಕೆಲವೆಡೆ ಇದಕ್ಕೆ ಹಿಂಜರಿಕೆ ಕಾಣುತ್ತದೆ: ಕಾಗದ ಕೊಟ್ಟರೆ ನಾಳೆ ಕಾಯಂ ಮಾಡಿ ಎಂದಾರು ಎಂಬ ಭಯ. ಆ ಪ್ರಶ್ನೆಯೇ ಬೇರೆ. ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿಯೇ, ಕ್ರಮಬದ್ಧ ನೇಮಕಾತಿ ಇಲ್ಲದೆ ದೀರ್ಘಕಾಲ ದುಡಿದದ್ದರಿಂದ ಮಾತ್ರವೇ ಕಾಯಂಗೊಳ್ಳುವ ಹಕ್ಕು ಹುಟ್ಟದೆಂದು ಹೇಳಿದೆ. ಅದು ಕರ್ನಾಟಕದಿಂದಲೇ ಹೋದ ಪ್ರಕರಣ. ದುಡಿದ ದಿನಗಳ ವೇತನಕ್ಕೂ ಉಪದಾನಕ್ಕೂ ಆ ತೀರ್ಪು ಅಡ್ಡಿಯಲ್ಲ.

ಕಸ ಸಂಗ್ರಹಿಸುವ ಸಂಜೀವಿನಿ ಒಕ್ಕೂಟದ ಮಹಿಳೆಯರ ವಿಷಯ ಇನ್ನೂ ತೊಡಕಿನದು. ವಾಹನ ಪಂಚಾಯತಿನದು, ದುಡಿಯುವವರು ಒಕ್ಕೂಟದವರು. ಗೌರವಧನ ಯಾರು ಕೊಡುವರು, ಶುಲ್ಕ ವಸೂಲಿ ಕುಸಿದ ತಿಂಗಳಲ್ಲಿ ಕೊರತೆ ಯಾರು ತುಂಬುವರು, ಕೈಗವಸು ಮತ್ತು ವಿಮೆ ಯಾರ ಖರ್ಚು ಎಂಬುದು ಒಡಂಬಡಿಕೆಯಲ್ಲಿ ಸ್ಪಷ್ಟವಾಗಿ ಬರೆದಿರಲಿ. ನವೀಕರಣದ ವೇಳೆ ಸದಸ್ಯರು ಅದನ್ನು ಓದಿಸಿ ಕೇಳಬೇಕು.

ಅಪಘಾತ ಪರಿಹಾರವೂ ವಿಸ್ತರಿಸಿದೆ. ಮನೆಯಿಂದ ಕೆಲಸದ ಸ್ಥಳಕ್ಕೆ ಹೋಗಿಬರುವಾಗ ಆದ ಅಪಘಾತವನ್ನೂ, ಕೆಲಸದೊಂದಿಗಿನ ಸಂಬಂಧ ಸಾಬೀತಾದರೆ, ಉದ್ಯೋಗದ ಅಪಘಾತವೆಂದು ಸಾಮಾಜಿಕ ಭದ್ರತಾ ಸಂಹಿತೆಯು ಪರಿಗಣಿಸುತ್ತದೆ. ಆಟಿಯ ಮಳೆಯಲ್ಲಿ ನಸುಕಿಗೇ ಬೈಕಿನಲ್ಲಿ ಪಂಪ್ ಶೆಡ್ಡಿಗೆ ಹೊರಡುವವನು ಯಾವ ಹೊತ್ತಿಗೆ, ಯಾವ ಶೆಡ್ಡಿಗೆ, ಯಾರ ಆದೇಶದಂತೆ ಹೊರಟನೆಂಬುದು ಪಂಚಾಯತಿನ ಕರ್ತವ್ಯ ಹಂಚಿಕೆ ಪುಸ್ತಕದಲ್ಲಿ ಬರೆದಿಡಬೇಕಾದ ಸಂಗತಿ.