ರಾತ್ರಿ ಕೈ ಜೋಮು ಹಿಡಿದು ಎಚ್ಚರವಾದಾಗ: ದಂಪತಿಗಳು ಅರಿತಿರಬೇಕಾದ ವಿಷಯಗಳು



ಇಂದು ನಾನು ತಮ್ಮೊಡನೆ ಮಾತನಾಡಬಯಸುವ ವಿಷಯವು ಮೇಲುನೋಟಕ್ಕೆ ಚಿಕ್ಕದೆಂದು ತೋರಬಹುದು. ಅದು ಜ್ವರದಂತೆ ಮೈ ಸುಡುವುದಿಲ್ಲ. ಗಾಯದಂತೆ ಕಣ್ಣಿಗೆ ಕಾಣುವುದಿಲ್ಲ. ನಡುರಾತ್ರಿಯಲ್ಲಿ ಕೈ ಜೋಮು ಹಿಡಿದು, ಬೆರಳುಗಳು ಮರಗಟ್ಟಿ, ಸೂಜಿಯಿಂದ ಚುಚ್ಚಿದಂತಾಗಿ ಎಚ್ಚರವಾಗುತ್ತದೆ. ಎದ್ದು ಕುಳಿತು ಕೈಯನ್ನು ನಾಲ್ಕಾರು ಬಾರಿ ಕೊಡವಿದರೆ ಸರಿಹೋಗುತ್ತದೆ. ಬೆಳಗಾದೊಡನೆ ಕೊಟ್ಟಿಗೆ, ಒಲೆ, ಹೊಲಗಳ ಕೆಲಸದಲ್ಲಿ ಅದು ಮರೆತೂ ಹೋಗುತ್ತದೆ. "ವಾಯು ಇರಬೇಕು", "ವಯಸ್ಸಾಯಿತಲ್ಲ" ಎಂದು ನಾವೇ ಒಂದು ಕಾರಣ ಹೇಳಿಕೊಂಡು ಸುಮ್ಮನಾಗುತ್ತೇವೆ. ಹೀಗೆಯೇ ತಿಂಗಳುಗಳು ಕಳೆಯುತ್ತವೆ. ಒಂದು ದಿನ ತುಂಬಿದ ಬಿಂದಿಗೆ ಕೈಜಾರಿ ಬೀಳುತ್ತದೆ. ರವಿಕೆಯ ಗುಂಡಿ ಹಾಕಲು ಬೆರಳು ಒಪ್ಪುವುದಿಲ್ಲ. ಗಾಬರಿಯಾಗುವುದು ಆಗ. ಆದರೆ ಆ ವೇಳೆಗೆ ನರಕ್ಕೆ ಆಗಬಾರದ ಹಾನಿ ಆಗಿರಬಹುದು.

ಆದುದರಿಂದ ಮೊದಲ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿಯ ಜೋಮು ಬಹುಪಾಲು ಗುಣವಾಗುವಂಥದೇ ಆಗಿದೆ. ಆದರೆ ಅದನ್ನು ಬೇಗನೆ ಗುರುತಿಸಬೇಕು. ಗುರುತಿಸುವ ಕೆಲಸದಲ್ಲಿ ಪತಿಪತ್ನಿಯರು ಪರಸ್ಪರ ನೆರವಾಗಬೇಕು. ರಾತ್ರಿ ಎದ್ದು ಕೈ ಕೊಡವುವುದನ್ನು ವೈದ್ಯರು ಕಾಣಲಾರರು, ಆರೋಗ್ಯ ಕಾರ್ಯಕರ್ತೆಯೂ ಕಾಣಲಾರಳು. ಪಕ್ಕದಲ್ಲಿ ಮಲಗಿದವರು ಮಾತ್ರ ಕಾಣಬಲ್ಲರು.

ಯಾವಾಗಲೋ ಒಮ್ಮೆ ತೋಳನ್ನು ತಲೆದಿಂಬು ಮಾಡಿಕೊಂಡು ಮಲಗಿದಾಗ ಕೈ ಜೋಮು ಹಿಡಿಯುವುದು ಸಹಜ. ಮಗ್ಗುಲು ಬದಲಿಸಿದ ಕೆಲವೇ ನಿಮಿಷಗಳಲ್ಲಿ ಅದು ಹೋಗುತ್ತದೆ. ಅದಕ್ಕೆ ಚಿಂತಿಸಬೇಕಾಗಿಲ್ಲ. ಆದರೆ ವಾರದಲ್ಲಿ ಹಲವು ರಾತ್ರಿ ಹೀಗಾಗುತ್ತಿದ್ದರೆ, ಅಥವಾ ಹಗಲಿನಲ್ಲಿಯೂ ಕಾಣಿಸಿಕೊಳ್ಳತೊಡಗಿದರೆ, ಕಾರಣವನ್ನು ಹುಡುಕಬೇಕು.

ಅತಿ ಸಾಮಾನ್ಯವಾದ ಕಾರಣ ಮಣಿಕಟ್ಟಿನಲ್ಲಿದೆ. ನಮ್ಮ ಮಣಿಕಟ್ಟಿನ ಒಳಬದಿಯಲ್ಲಿ, ಕೆಳಗೆ ಮೂಳೆಗಳೂ ಮೇಲೆ ಗಟ್ಟಿಯಾದ ಒಂದು ಪಟ್ಟಿಯೂ ಇರುವ ಕಿರಿದಾದ ಓಣಿಯೊಂದಿದೆ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಈ ಓಣಿಯಲ್ಲಿಯೇ ಹಾದು ಅಂಗೈಗೆ ಬರುತ್ತವೆ. ಅಲ್ಲಿ ಸ್ವಲ್ಪ ಊತ ಬಂದರೂ ಜಾಗ ಸಾಲದಾಗಿ ನರವು ಅದುಮಲ್ಪಡುತ್ತದೆ. ನಿದ್ರೆಯಲ್ಲಿ ನಾವು ಅರಿಯದೆಯೇ ಮಣಿಕಟ್ಟನ್ನು ಮಡಿಸಿಕೊಂಡು ಮಲಗುವುದರಿಂದ ಒತ್ತಡ ಇನ್ನೂ ಹೆಚ್ಚುತ್ತದೆ. ತೊಂದರೆಯು ರಾತ್ರಿಯಲ್ಲಿ ಬರುವುದೂ, ಕೈ ಕೊಡವಿದರೆ ತಗ್ಗುವುದೂ ಇದರಿಂದಲೇ. ವೈದ್ಯರು ಇದನ್ನು ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಕರೆಯುತ್ತಾರೆ.

ಇದನ್ನು ಮನೆಯಲ್ಲಿಯೇ ಊಹಿಸಬಹುದು. ಎಚ್ಚರವಾದಾಗ ಯಾವ ಬೆರಳುಗಳು ಮರಗಟ್ಟಿವೆ ಎಂದು ಗಮನಿಸಿರಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರದ ಬೆರಳಿನ ಅರ್ಧಭಾಗ ಮರಗಟ್ಟಿ, ಕಿರುಬೆರಳು ಸರಿಯಾಗಿದ್ದರೆ, ಮಣಿಕಟ್ಟಿನ ನರವೇ ಕಾರಣವೆಂದು ಸಂದೇಹಿಸಬೇಕು. ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯುತ್ತಿದ್ದರೆ, ಮೊಣಕೈಯ ಹಿಂದೆ ಹಾದುಹೋಗುವ ಬೇರೊಂದು ನರಕ್ಕೆ ತೊಂದರೆಯಾಗಿರಬಹುದು. ಕುತ್ತಿಗೆಯ ನೋವು ಭುಜದಿಂದ ತೋಳಿಗೆ ಇಳಿದು ಬೆರಳುಗಳು ಜುಮ್ಮೆನ್ನುತ್ತಿದ್ದರೆ, ಕುತ್ತಿಗೆಯ ಮೂಳೆಗಳ ನಡುವೆ ನರ ಸಿಕ್ಕಿರಬಹುದು.

ಹಗಲಿನಲ್ಲಿ ಇನ್ನೊಂದು ಪರೀಕ್ಷೆ ಮಾಡಿ ನೋಡಬಹುದು. ಎರಡು ಕೈಗಳ ಹಿಂಬದಿಗಳನ್ನು ಎದೆಯ ಮುಂದೆ ಒಂದಕ್ಕೊಂದು ತಾಗಿಸಿ, ಬೆರಳುಗಳು ನೆಲವನ್ನು ನೋಡುವಂತೆ ಒಂದು ನಿಮಿಷ ಹಿಡಿಯಿರಿ. ಮೊದಲು ಹೇಳಿದ ಬೆರಳುಗಳಲ್ಲಿ ಜೋಮು ಬಂದರೆ ಸಂದೇಹ ಬಲವಾಗುತ್ತದೆ. ಬಳಿಕ ಹೆಬ್ಬೆರಳಿನ ಬುಡದ ಮಾಂಸಲ ಭಾಗವನ್ನು ಎರಡು ಕೈಗಳಲ್ಲಿಯೂ ಹೋಲಿಸಿ ನೋಡಿರಿ. ಒಂದು ಕೈಯಲ್ಲಿ ಅದು ಬತ್ತಿದಂತೆ ಕಂಡರೆ ಇನ್ನು ತಡಮಾಡುವ ಕಾಲವಲ್ಲ. ಆ ವಾರದಲ್ಲಿಯೇ ವೈದ್ಯರನ್ನು ಕಾಣತಕ್ಕದ್ದು.

ಈ ತೊಂದರೆಯು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮಣಿಕಟ್ಟನ್ನು ಬಿಡುವಿಲ್ಲದೆ ಬಾಗಿಸಿ, ಬಿಗಿಹಿಡಿದು ಮಾಡುವ ಕೆಲಸಗಳು ಇದನ್ನು ಉಲ್ಬಣಗೊಳಿಸಬಹುದು. ಹಾಲು ಕರೆಯುವುದು, ರೊಟ್ಟಿ ತಟ್ಟುವುದು, ಅಡಿಕೆ ಸುಲಿಯುವುದು, ಬೀಡಿ ಕಟ್ಟುವುದು, ಬಟ್ಟೆ ಹಿಂಡುವುದು ಇವೆಲ್ಲವೂ ಅಂತಹ ಕೆಲಸಗಳೇ. ಈ ಕೆಲಸಗಳನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಬಿಟ್ಟರೆ ಸಂಸಾರ ನಡೆಯುವುದಿಲ್ಲವೆಂಬುದು ನನಗೂ ಗೊತ್ತು. ಆದರೆ ಹಾಲು ಕರೆಯುವ ಕೆಲಸವನ್ನು ಒಂದು ಹೊತ್ತು ಪತಿ ವಹಿಸಿಕೊಳ್ಳಬಹುದು. ಒದ್ದೆ ಕಂಬಳಿಯನ್ನು ಇಬ್ಬರೂ ಸೇರಿ ಹಿಂಡಬಹುದು. ಅರ್ಧ ಗಂಟೆಗೊಮ್ಮೆ ಕೈಗೆ ಸ್ವಲ್ಪ ವಿಶ್ರಾಂತಿ ಕೊಡಬಹುದು. ಇದಕ್ಕೆ ಖರ್ಚು ಏನೂ ಇಲ್ಲ.

ಗರ್ಭಿಣಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಬಸಿರಿನ ಕೊನೆಯ ಮೂರು ತಿಂಗಳುಗಳಲ್ಲಿ ಶರೀರದಲ್ಲಿ ನೀರಿನ ಅಂಶ ಹೆಚ್ಚುವುದರಿಂದ ಅನೇಕರಿಗೆ ರಾತ್ರಿ ಕೈ ಜೋಮು ಹಿಡಿಯುತ್ತದೆ. ಹೆರಿಗೆಯಾದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸಾಮಾನ್ಯವಾಗಿ ಅದು ತಾನಾಗಿಯೇ ಮಾಯವಾಗುತ್ತದೆ. ಕೈ ಊದಿಕೊಂಡಾಗ ಬಿಗಿಯಾದ ಬಳೆ, ಉಂಗುರಗಳನ್ನು ತೆಗೆದಿಡುವುದು ಲೇಸು. ಸೀಮಂತದ ಬಳೆಯನ್ನು ತೆಗೆದರೆ ಕೆಡುಕಾಗುವುದೆಂಬ ಭಯ ಬೇಡ. ಬಿಗಿದುಕೊಂಡ ಬಳೆಯಿಂದಲೇ ಕೈಗೆ ಕೆಡುಕು. ಆದರೆ ಕೈಯೊಡನೆ ಮುಖವೂ ಊದಿಕೊಂಡು, ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮೇಲುಹೊಟ್ಟೆಯಲ್ಲಿ ನೋವು ಕಂಡರೆ, ಅದು ಗರ್ಭಿಣಿಯ ರಕ್ತದ ಒತ್ತಡ ಏರಿರುವ ಸೂಚನೆಯಾಗಿರಬಹುದು. ಇದು ತಾಯಿಗೂ ಮಗುವಿಗೂ ಪ್ರಾಣಾಪಾಯ ತರಬಲ್ಲದು. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಗರ್ಭಿಣಿಯು ವೈದ್ಯರನ್ನು ಕೇಳದೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು.

ಕೆಲವೊಮ್ಮೆ ಕೈಯ ಜೋಮು ಶರೀರದ ಬೇರೆ ಕಾಯಿಲೆಯ ಸುಳಿವಾಗಿರುತ್ತದೆ. ಸಕ್ಕರೆ ಕಾಯಿಲೆಯು ನರಗಳನ್ನು ಕೆಡಿಸುತ್ತದೆ. ಸಾಮಾನ್ಯವಾಗಿ ಮೊದಲು ಪಾದಗಳು, ಬಳಿಕ ಕೈಗಳು ಮರಗಟ್ಟುತ್ತವೆ. 30 ವರ್ಷ ದಾಟಿದ ಪ್ರತಿಯೊಬ್ಬರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದ ಸಕ್ಕರೆ ಮತ್ತು ರಕ್ತದ ಒತ್ತಡದ ಪರೀಕ್ಷೆಯನ್ನು ಉಚಿತವಾಗಿ ಮಾಡುತ್ತಾರೆ. ಥೈರಾಯ್ಡ್ ಗ್ರಂಥಿ ಮಂದವಾದಾಗಲೂ ಕೈ ಜೋಮು ಹಿಡಿಯುತ್ತದೆ. ಜೊತೆಗೆ ಆಯಾಸ, ಚಳಿ ತಡೆಯಲಾಗದಿರುವುದು, ತೂಕ ಏರುವುದು, ಮುಟ್ಟಿನ ಏರುಪೇರು ಇರಬಹುದು. ಮಾಂಸ ಮೊಟ್ಟೆ ತಿನ್ನದವರಲ್ಲಿ, ಅದರಲ್ಲಿಯೂ ಹಾಲು ಮೊಸರನ್ನು ಕಡಿಮೆ ಬಳಸುವವರಲ್ಲಿ, ಬಿ-12 ಜೀವಸತ್ವದ ಕೊರತೆಯಿಂದ ಕೈಕಾಲುಗಳು ಜುಮ್ಮೆನ್ನಬಹುದು. ಬಹುಕಾಲ ಮದ್ಯಪಾನ ಮಾಡುವವರ ನರಗಳೂ ಕ್ಷೀಣಿಸುತ್ತವೆ. ಕ್ಷಯರೋಗದ ಮಾತ್ರೆ ಸೇವಿಸುವವರಿಗೆ ಜೋಮು ಬಂದರೆ ಮಾತ್ರೆ ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಿದರೆ ಬಿ-6 ಜೀವಸತ್ವದ ಮಾತ್ರೆಯನ್ನು ಸೇರಿಸಿಕೊಡುತ್ತಾರೆ.

ಇನ್ನೊಂದು ಕಾಯಿಲೆಯ ಹೆಸರನ್ನು ಹೇಳಲು ಜನ ಅಂಜುತ್ತಾರೆ, ಅಂಜುವ ಕಾರಣವಿಲ್ಲ. ಅದು ಕುಷ್ಠರೋಗ. ಇದರ ಜೋಮು ರಾತ್ರಿ ಬಂದು ಬೆಳಗಿಗೆ ಹೋಗುವಂಥದಲ್ಲ. ಹಗಲೂ ಇರುಳೂ ಇರುತ್ತದೆ. ಮೈಮೇಲೆ ಮಾಸಲಾದ ಅಥವಾ ಕೆಂಪಾದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೂ ಚುಚ್ಚಿದರೂ ಅರಿವಾಗದಿದ್ದರೆ ಕೂಡಲೇ ತೋರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಸೂಚಿಸಿದ ಬಹುಔಷಧ ಚಿಕಿತ್ಸೆಯನ್ನು ರೋಗದ ಸ್ವರೂಪಕ್ಕೆ ತಕ್ಕಂತೆ 6 ಅಥವಾ 12 ತಿಂಗಳು ತೆಗೆದುಕೊಂಡರೆ ರೋಗ ಪೂರ್ಣ ಗುಣವಾಗುತ್ತದೆ. ಔಷಧ ಉಚಿತ. ಚಿಕಿತ್ಸೆ ಆರಂಭವಾದ ಮೇಲೆ ರೋಗ ಇತರರಿಗೆ ಹರಡುವ ಭಯವಿಲ್ಲ. ಗಂಡಹೆಂಡಿರು ಬೇರೆ ಇರಬೇಕಾಗಿಲ್ಲ. ಕುಷ್ಠರೋಗವನ್ನು ಕಾರಣವಾಗಿ ತೋರಿಸಿ ವಿವಾಹ ವಿಚ್ಛೇದನ ಕೇಳುವ ಅವಕಾಶವನ್ನು ಸಂಸತ್ತು 2019ರ ಕಾನೂನು ತಿದ್ದುಪಡಿಯಿಂದ ತೆಗೆದುಹಾಕಿದೆ. ತಡಮಾಡಿದರೆ ಮಾತ್ರ ಬೆರಳುಗಳು ಶಾಶ್ವತವಾಗಿ ಮಡಿಸಿಕೊಂಡು ಉಳಿದುಬಿಡಬಹುದು.

ತಡಮಾಡಲೇಬಾರದ ಮತ್ತೊಂದು ಸಂದರ್ಭವಿದೆ. ಇದ್ದಕ್ಕಿದ್ದಂತೆ ಒಂದೇ ಪಕ್ಕದ ಕೈ ಅಥವಾ ಕಾಲು ಮರಗಟ್ಟಿ ಶಕ್ತಿಗುಂದಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಎದೆ ಹಿಂಡಿದಂತಾಗಿ, ಬೆವರಿ, ನೋವು ತೋಳಿಗೆ ಹರಿದರೆ ಅದು ಹೃದಯಾಘಾತವಾಗಿರಬಹುದು. ಇಂತಹ ಸಮಯದಲ್ಲಿ ಕೈ ಕೊಡವುತ್ತಾ, ಎಣ್ಣೆ ತಿಕ್ಕುತ್ತಾ ಕುಳಿತುಕೊಳ್ಳದೆ 108ಕ್ಕೆ ಕರೆ ಮಾಡಿರಿ. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆದಕಾರಣ ತೊಂದರೆ ಆರಂಭವಾದ ಹೊತ್ತನ್ನು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿರಿ.

ಈಗ ಮಣಿಕಟ್ಟಿನ ನರದ ಚಿಕಿತ್ಸೆಯನ್ನು ನೋಡೋಣ. ಮೊದಲ ಚಿಕಿತ್ಸೆ ಬಹು ಸರಳ: ರಾತ್ರಿ ಮಣಿಕಟ್ಟು ಮಡಿಸದಂತೆ ನೇರವಾಗಿ ಇಡುವುದು. ಇದಕ್ಕಾಗಿ ಆಸರೆಪಟ್ಟಿ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಅದು ಸಿಗುವವರೆಗೆ, ಮೆತ್ತನೆಯ ಬಟ್ಟೆ ಸುತ್ತಿದ ನಯವಾದ ಬಿದಿರಿನ ದಬ್ಬೆಯನ್ನು ಅಂಗೈಯ ನಡುವಿನಿಂದ ಮುಂಗೈಯ ನಡುವಿನವರೆಗೆ ಒಳಬದಿಯಲ್ಲಿಟ್ಟು ಸಡಿಲವಾಗಿ ಕಟ್ಟಿಕೊಳ್ಳಬಹುದು. ಬೆರಳುಗಳು ಸರಾಗವಾಗಿ ಆಡುತ್ತಿರಬೇಕು. ಬೆರಳು ಊದಿದರೆ ಅಥವಾ ನೀಲಿಗಟ್ಟಿದರೆ ಕೂಡಲೇ ಬಿಚ್ಚಬೇಕು. ಸುಮಾರು 6 ವಾರ ಹೀಗೆ ಮಾಡಿದರೆ ಅನೇಕರಿಗೆ ಗುಣ ಕಾಣುತ್ತದೆ. ಸಾಲದಿದ್ದರೆ ವೈದ್ಯರು ಮಣಿಕಟ್ಟಿಗೆ ಚುಚ್ಚುಮದ್ದು ಕೊಡುತ್ತಾರೆ. ಅದರಿಂದಲೂ ಆಗದಿದ್ದರೆ, ಅಥವಾ ಸ್ನಾಯು ಬತ್ತತೊಡಗಿದ್ದರೆ, ಕೈಗೆ ಮಾತ್ರ ಅರಿವಳಿಕೆ ಕೊಟ್ಟು ಓಣಿಯ ಮೇಲಿನ ಪಟ್ಟಿಯನ್ನು ಬಿಡಿಸುವ ಚಿಕ್ಕ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು.

ಮಾಡಬಾರದವುಗಳನ್ನೂ ಹೇಳುತ್ತೇನೆ. ಜೋಮು ಹಿಡಿದ ಕೈಗೆ ಬರೆ ಹಾಕಿಸಬೇಡಿರಿ. ಬರೆಯಿಂದ ನರ ಬಿಡಿಸಿಕೊಳ್ಳುವುದಿಲ್ಲ, ಗಾಯ ಮಾತ್ರ ಉಳಿಯುತ್ತದೆ. ಕೆಂಡದ ಮುಂದೆ ಕೈ ಕಾಯಿಸಬೇಡಿರಿ. ಬಿಸಿಯ ಅರಿವಿಲ್ಲದ ಚರ್ಮ ಸುಟ್ಟರೂ ತಿಳಿಯದು. ಸ್ಪರ್ಶಜ್ಞಾನ ಕುಂದಿದ ಕೈಯಿಂದ ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸಬೇಡಿರಿ. ಕಾರಣ ತಿಳಿಯದೆ ಕಂಡಕಂಡವರಿಂದ ಸೂಜಿ ಚುಚ್ಚಿಸಿಕೊಳ್ಳಬೇಡಿರಿ.

ಕೊನೆಯದಾಗಿ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ತಮ್ಮ ನೋವನ್ನು ಬೇಗ ಹೇಳಿಕೊಳ್ಳುವುದಿಲ್ಲ. "ಇವರ ನಿದ್ದೆ ಏಕೆ ಕೆಡಿಸಲಿ" ಎಂದು ಕತ್ತಲಲ್ಲಿ ಸದ್ದಿಲ್ಲದೆ ಕೈ ಉಜ್ಜಿಕೊಳ್ಳುತ್ತಾರೆ. ಗಂಡಸರೂ "ಇಷ್ಟಕ್ಕೆಲ್ಲ ಆಸ್ಪತ್ರೆಯೇ" ಎಂಬ ಬಿಗುಮಾನದಿಂದ ಮುಚ್ಚಿಡುತ್ತಾರೆ. ಸಂಸಾರವು ನಾಲ್ಕು ಕೈಗಳಿಂದ ನಡೆಯುವಂಥದು. ಅದರಲ್ಲಿ ಒಂದು ಕೈ ಸೋತರೆ ಉಳಿದ ಮೂರು ಕೈಗಳಿಗೂ ಭಾರ. ಇಂದಿನ ರಾತ್ರಿ ನಿಮ್ಮ ಪಕ್ಕದಲ್ಲಿ ಯಾರಾದರೂ ಎದ್ದು ಕೈ ಕೊಡವುತ್ತಿದ್ದರೆ "ಯಾವ ಬೆರಳು?" ಎಂದು ಕೇಳಿರಿ. ಎಷ್ಟು ದಿನದಿಂದ ಎಂಬುದನ್ನೂ ಕೇಳಿರಿ. ಮಾರನೆಯ ದಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಇಬ್ಬರೂ ಜೊತೆಯಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಗರ್ಭಿಣಿಯಾಗಿದ್ದರೆ ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ.