ಬರೆಯುವವರಿಗೂ ಬಳಸುವವರಿಗೂ ನಡುವೆ



ಮುಕ್ತ ತಂತ್ರಾಂಶದ ಈ ಸಮ್ಮೇಳನದಲ್ಲಿ ಕೋಡ್ ಬರೆಯುವವರ ಬಗ್ಗೆ ಬೆಳಗಿನಿಂದ ಸಾಕಷ್ಟು ಕೇಳಿದ್ದೀರಿ. ಬರೆದ ಕೋಡನ್ನು ಬಳಸುವವರ ಕಂಪ್ಯೂಟರಿಗೆ ಮುಟ್ಟಿಸುವ ಕೆಲಸ, ಅಂದರೆ ಪ್ಯಾಕೇಜಿಂಗ್, ಇಂದಿನ ನನ್ನ ವಿಷಯ. ಆ ಕೆಲಸ ಮಾಡುವವರನ್ನು ನಾವು ಮರೆಯುತ್ತಿದ್ದೇವೆ. ಮರೆತರೆ ಹೆಚ್ಚು ನಷ್ಟವಾಗುವುದು ಕನ್ನಡದಂಥ ಭಾಷೆಗಳಿಗೆ ಎಂಬುದು ನನ್ನ ಆತಂಕ.

2014ರ ಆಗಸ್ಟಿನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ, ಅಂದರೆ ಡಿಸ್ಟ್ರೋದ, ಸಮ್ಮೇಳನ ನಡೆಯಿತು. ಅಲ್ಲಿಗೆ ಬಂದಿದ್ದ ಲಿನಸ್ ಟೊರ್ವಾಲ್ಡ್ಸ್ ಡೆಬಿಯನ್‌ನವರ ಎದುರಿಗೇ ನೇರವಾಗಿ ದೂರಿದರು. ಕಡಲಾಳಕ್ಕೆ ಇಳಿಯುವ ಡೈವರ್‌ಗಳು ತಮ್ಮ ಮುಳುಗಿನ ವಿವರ ಬರೆದಿಟ್ಟುಕೊಳ್ಳಲೆಂದು 2011ರಲ್ಲಿ ಅವರು ಸಬ್‌ಸರ್ಫೇಸ್ ಎಂಬ ತಂತ್ರಾಂಶ ಆರಂಭಿಸಿದ್ದರು. ವಿಂಡೋಸ್‌ಗೂ ಮ್ಯಾಕ್‌ಗೂ ಅದರ ತಂಡ ಸಿದ್ಧ ಕಡತ ಕೊಡುತ್ತಿತ್ತು. ಲಿನಕ್ಸ್‌ಗೆ ಮಾತ್ರ ಕೊಡುತ್ತಿರಲಿಲ್ಲ, ಏಕೆಂದರೆ ಪ್ರತಿ ಡಿಸ್ಟ್ರೋಗೂ, ಅದರ ಪ್ರತಿ ಆವೃತ್ತಿಗೂ ಬೇರೆಬೇರೆಯಾಗಿ ಕಟ್ಟಬೇಕಿತ್ತು. ಲಿನಕ್ಸ್ ಕರ್ನಲ್ ಹುಟ್ಟುಹಾಕಿದವರೇ ತಮ್ಮ ಚಿಕ್ಕ ತಂತ್ರಾಂಶವನ್ನು ಲಿನಕ್ಸ್ ಬಳಕೆದಾರರಿಗೆ ಸಲೀಸಾಗಿ ತಲುಪಿಸಲಾರದೆ ಹೋದರು. ಆ ದೂರಿನಲ್ಲಿ ಸತ್ಯವಿತ್ತು.

ತೊಡಕು ಎಲ್ಲಿದೆ ನೋಡಿ. ಡೆಬಿಯನ್, ಉಬುಂಟುಗಳಿಗೆ ಡೆಬ್ ಕಡತ, ಫೆಡೋರಾ, ಓಪನ್‌ಸೂಸೆಗಳಿಗೆ ಆರ್‌ಪಿಎಂ. ಈ ವ್ಯತ್ಯಾಸ ದೊಡ್ಡದಲ್ಲ. ಆದರೆ ಒಳಗಿನ ಪ್ಯಾಕೇಜುಗಳ ಹೆಸರುಗಳೇ ಬೇರೆ. ನಮ್ಮ ಲೋಹಿತ್ ಕನ್ನಡ ಫಾಂಟನ್ನೇ ತೆಗೆದುಕೊಳ್ಳಿ: ಡೆಬಿಯನ್‌ನಲ್ಲಿ ಅದು 'ಫಾಂಟ್ಸ್-ಲೋಹಿತ್-ಕೆಎನ್‌ಡಿಎ', ಫೆಡೋರಾದಲ್ಲಿ 'ಲೋಹಿತ್-ಕನ್ನಡ-ಫಾಂಟ್ಸ್'. ತನ್ನ ತಂತ್ರಾಂಶಕ್ಕೆ ಈ ಫಾಂಟ್ ಬೇಕೇ ಬೇಕು ಎಂದು ಬರೆಯುವವರು ಎರಡೂ ಹೆಸರು ತಿಳಿದಿರಬೇಕು. ಮೇಲಾಗಿ ಡೆಬಿಯನ್‌ನ ಸ್ಥಿರ ಆವೃತ್ತಿ ಬರುವುದು ಸುಮಾರು ಎರಡು ವರ್ಷಕ್ಕೊಮ್ಮೆ, ಫೆಡೋರಾ ಆರು ತಿಂಗಳಿಗೊಮ್ಮೆ. ಆರ್ಚ್‌ನಲ್ಲಂತೂ ಆವೃತ್ತಿ ಎಂಬುದೇ ಇಲ್ಲ, ದಿನವೂ ಹೊಸತು ಬರುತ್ತಿರುತ್ತದೆ. ಇಂದಿನ ಲೈಬ್ರರಿ ನಂಬಿ ಬರೆದ ತಂತ್ರಾಂಶ ಒಂದೂವರೆ ವರ್ಷದ ಹಿಂದಿನ ಲೈಬ್ರರಿಯ ಮೇಲೆ ಓಡದೆ ಹೋಗಬಹುದು.

ಇದಕ್ಕೆ ಉತ್ತರವಾಗಿ ಆ್ಯಪ್‌ಇಮೇಜ್, ಸ್ನ್ಯಾಪ್, ಫ್ಲಾಟ್‌ಪ್ಯಾಕ್‌ಗಳು ಬಂದವು. ತಂತ್ರಾಂಶವು ತನಗೆ ಬೇಕಾದ ಲೈಬ್ರರಿಗಳನ್ನು ಜೊತೆಗೇ ತರುತ್ತದೆ, ಅಥವಾ ಫ್ಲಾಟ್‌ಪ್ಯಾಕ್‌ನಂತೆ ರನ್‌ಟೈಮ್ ಎಂಬ ಸಮಾನ ನೆಲೆಯ ಮೇಲೆ ಓಡುತ್ತದೆ. ಸಬ್‌ಸರ್ಫೇಸ್ ಕೂಡ ಮುಂದೆ ಆ್ಯಪ್‌ಇಮೇಜ್ ಆಗಿ ಲಿನಕ್ಸ್ ಬಳಕೆದಾರರಿಗೆ ದೊರೆಯಿತು. ನಾನು ಇವನ್ನು ಮನಸಾರೆ ಸ್ವಾಗತಿಸುತ್ತೇನೆ. ಶಾಲೆಯ ಲ್ಯಾಬಿನಲ್ಲಿ ಹಳೆಯ ಉಬುಂಟು ಇಟ್ಟುಕೊಂಡ ಮೇಷ್ಟ್ರಿಗೆ ಇಡೀ ವ್ಯವಸ್ಥೆ ಬದಲಿಸದೆ ಹೊಸ ಇಂಕ್‌ಸ್ಕೇಪ್ ಸಿಗುವುದು ಸಣ್ಣ ಮಾತಲ್ಲ.

ಆದರೆ ಇನ್ನು ಡಿಸ್ಟ್ರೋ ಪ್ಯಾಕೇಜುಗಳೇ ಬೇಡ, ಬರೆದವರಿಂದ ನೇರ ಬಳಸುವವರಿಗೆ ಹೋಗಲಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2023ರ ಡೆಬಿಯನ್ 12ರಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಪ್ರತಿಯೊಂದರ ಹಿಂದೆಯೂ ಒಬ್ಬ ಮೇಂಟೇನರ್ ಅಥವಾ ಒಂದು ತಂಡ ಇರುತ್ತದೆ. ಯಾವ ಕಡತಕ್ಕೆ ಯಾವ ಲೈಸೆನ್ಸ್ ಎಂದು ಅವರು ಹುಡುಕಿ ಬರೆದಿಡುತ್ತಾರೆ, ಇಂಟೆಲ್, ಆರ್ಮ್ ಹೀಗೆ ಬೇರೆಬೇರೆ ಪ್ರೊಸೆಸರ್‌ಗಳ ಮೇಲೆ ಅದು ಕಂಪೈಲ್ ಆಗುತ್ತದೆಯೇ ಎಂದು ನೋಡುತ್ತಾರೆ, ಬಳಕೆದಾರರ ದೂರು ಓದಿ ಮೂಲ ಲೇಖಕರಿಗೆ ಅರ್ಥವಾಗುವ ಹಾಗೆ ಮುಟ್ಟಿಸುತ್ತಾರೆ. ಹಂಚಿಕೊಂಡ ಲೈಬ್ರರಿಯಲ್ಲಿ ಭದ್ರತೆಯ ದೋಷ ಸಿಕ್ಕರೆ ಅವರು ಒಂದು ಕಡೆ ತಿದ್ದಿದರೆ ಸಾಕು, ಅದನ್ನು ಬಳಸುವ ಎಲ್ಲ ತಂತ್ರಾಂಶಗಳೂ ಸರಿಯಾಗುತ್ತವೆ. ಪ್ರತಿ ತಂತ್ರಾಂಶವೂ ತನ್ನದೇ ಪ್ರತಿ ಹೊತ್ತು ತಂದಾಗ ಪ್ರತಿ ಲೇಖಕರೂ ಎಚ್ಚರವಾಗಿರಬೇಕಾಗುತ್ತದೆ. ಎಲ್ಲರೂ ಇರುವುದಿಲ್ಲ.

ನಡುವೆ ನಿಂತ ಈ ಪ್ಯಾಕೇಜ್ ಮಾಡುವವರೂ ಎಡವುತ್ತಾರೆ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ಪರೀಕ್ಷಾ ಸಾಧನವೊಂದು ಕೊಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸಲು ಅವರು ಕೋಡಿನ ಕೆಲವು ಸಾಲುಗಳನ್ನು ತೆಗೆದರು. ಅದರಿಂದ ರಹಸ್ಯ ಕೀಲಿಗಳ ಯಾದೃಚ್ಛಿಕತೆಯೇ ಹೊರಟುಹೋಯಿತು. ಒಂದು ಬಗೆಯ, ಒಂದು ಅಳತೆಯ ಕೀಲಿಗೆ ಸುಮಾರು 32,768 ಸಾಧ್ಯತೆಗಳಷ್ಟೇ ಉಳಿದವು. ಇದು ಬಯಲಾದದ್ದು 2008ರ ಮೇ ತಿಂಗಳಲ್ಲಿ. ಲೇಖಕರೂ ಪ್ಯಾಕೇಜ್ ಮಾಡುವವರೂ ಪರಸ್ಪರರ ಕೆಲಸವನ್ನು ಓದದಿದ್ದರೆ ಹೀಗಾಗುತ್ತದೆ.

ಇನ್ನೊಂದು ಘಟನೆ 2024ರ ಮಾರ್ಚಿನದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್ ಅವರಿಗೆ, ತಮ್ಮ ಡೆಬಿಯನ್ ಅಸ್ಥಿರ ಆವೃತ್ತಿಯಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುವುದು ಕಂಡಿತು. ಬೆನ್ನು ಹತ್ತಿ ಹೋದಾಗ ಎಕ್ಸ್‌ಝಡ್ ಎಂಬ ಲೈಬ್ರರಿಯಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದು ಗೊತ್ತಾಯಿತು. ಕುತಂತ್ರದ ಒಂದು ಮುಖ್ಯ ಭಾಗ ಎಲ್ಲರಿಗೂ ಕಾಣುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್ ಕಡತದಲ್ಲಿ ಮಾತ್ರ ಇತ್ತು. ಡೆಬ್ ಅಥವಾ ಆರ್‌ಪಿಎಂ ಕಟ್ಟುವಾಗಲೇ ಅದು ಎಚ್ಚೆತ್ತುಕೊಳ್ಳುತ್ತಿತ್ತು, ಅಂದರೆ ಗುರಿಯಿಟ್ಟದ್ದೇ ಪ್ಯಾಕೇಜ್ ಮಾಡುವವರ ಮೇಲೆ. ಆದರೂ ಅದು ಡೆಬಿಯನ್‌ನ ಸ್ಥಿರ ಆವೃತ್ತಿಯನ್ನು ಮುಟ್ಟಲಿಲ್ಲ. ಹೊಸತು ಅಸ್ಥಿರದಲ್ಲಿ ಕಾದು, ಪರೀಕ್ಷೆಗೆ ಒಳಗಾಗಿ, ಆಮೇಲೆ ಸ್ಥಿರಕ್ಕೆ ಬರಬೇಕೆಂಬ ನಿಯಮ ಅಲ್ಲಿದೆ. ಆ ನಿಧಾನವನ್ನು ನಾವೆಲ್ಲ ಬೈದಿದ್ದೇವೆ. ಆ ದಿನ ಲಕ್ಷಾಂತರ ಸರ್ವರ್‌ಗಳನ್ನು ಕಾಪಾಡಿದ್ದು ಅದೇ ನಿಧಾನ.

ಈಗ ಕನ್ನಡಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಉಬುಂಟು ಬಳಸುವ ಒಬ್ಬರು ಫ್ಲಾಟ್‌ಪ್ಯಾಕ್‌ನಿಂದ ಲಿಬ್ರೆಆಫೀಸ್ ಹಾಕಿಕೊಂಡು, ಅದನ್ನು ಮಾತ್ರ ಕನ್ನಡದಲ್ಲಿ ನೋಡಬಯಸುತ್ತಾರೆ. ಕನ್ನಡ ಸಿಗುವುದಿಲ್ಲ. ಜಾಗ ಉಳಿಸಲೆಂದು ಫ್ಲಾಟ್‌ಪ್ಯಾಕ್ ಕಂಪ್ಯೂಟರಿನಲ್ಲಿ ಹೊಂದಿಸಿದ ಭಾಷೆಗಳ ಅನುವಾದವನ್ನಷ್ಟೇ ಇಳಿಸಿಕೊಂಡಿರುತ್ತದೆ. ಅದರ ಭಾಷಾಪಟ್ಟಿಗೆ ಟರ್ಮಿನಲ್‌ನಿಂದ ಕನ್ನಡ ಸೇರಿಸಿ ಅಪ್‌ಡೇಟ್ ಮಾಡಬೇಕು. ಇದು ತಿಳಿಯದವರು ಕನ್ನಡ ಅನುವಾದವೇ ಆಗಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ವರ್ಷಗಟ್ಟಲೆ ಕೂತು ಅನುವಾದಿಸಿದವರ ಶ್ರಮ ಕಣ್ಣಿಗೇ ಬೀಳುವುದಿಲ್ಲ.

ಅಕ್ಷರಗಳ ಮಾತು ಇನ್ನೂ ಸೂಕ್ಷ್ಮ. ಫ್ಲಾಟ್‌ಪ್ಯಾಕ್ ತಂತ್ರಾಂಶಕ್ಕೂ ಡಿಸ್ಟ್ರೋದಲ್ಲಿರುವ ಫಾಂಟುಗಳು ಕಾಣುತ್ತವೆ. ಆದರೆ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಅದಕ್ಕೆ ಸಾಮಾನ್ಯವಾಗಿ ರನ್‌ಟೈಮಿನಿಂದ ಬರುತ್ತದೆ, ಮಾಮೂಲಿ ಪ್ಯಾಕೇಜಿಗೆ ಡಿಸ್ಟ್ರೋದಿಂದ. ಎರಡರ ಆವೃತ್ತಿ ಬೇರೆಯಾಗಿರಬಹುದು. 'ಸೂರ್ಯ'ದಲ್ಲಿ ಅರ್ಕಾವತ್ತು ಬರಬೇಕು, 'ರ‍್ಯಾಂಕ್'ನಲ್ಲಿ ರಕಾರಕ್ಕೆ ಯಕಾರದ ಒತ್ತು ಬರಬೇಕು, 'ಸ್ವಾತಂತ್ರ್ಯ'ದ ಕೊನೆಯ ಅಕ್ಷರದ ಎರಡೂ ಒತ್ತುಗಳು ಒಂದರ ಮೇಲೊಂದು ಹತ್ತದೆ ಕೂರಬೇಕು. ಇದು ಕೆಟ್ಟರೆ ಯಾಂತ್ರಿಕ ಪರೀಕ್ಷೆಗಳು ಪ್ರತಿ ಬಾರಿಯೂ ಎಚ್ಚರಿಸುವುದಿಲ್ಲ. ಬರ್ಲಿನ್ನಿನಲ್ಲೋ ಬೋಸ್ಟನ್ನಿನಲ್ಲೋ ಕೂತ ಮೇಂಟೇನರ್ ಎಷ್ಟೇ ಪ್ರಾಮಾಣಿಕರಾದರೂ ಕನ್ನಡ ಬಾರದಿದ್ದರೆ ಅವರ ಕಣ್ಣಿಗೆ ಸರಿಯಾದ ರೂಪವೂ ಕೆಟ್ಟ ರೂಪವೂ ಒಂದೇ. ಕನ್ನಡ ಓದಬಲ್ಲ ಒಬ್ಬರು ಆ ನಡುವಿನ ಜಾಗದಲ್ಲಿ ಇರಲೇಬೇಕು.

ನೆರೆಯ ಕೇರಳದವರು ಇದನ್ನು ಮಾಡಿ ತೋರಿಸಿದ್ದಾರೆ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ತಯಾರಿಸಿದ ಫಾಂಟುಗಳು ಡೆಬಿಯನ್‌ನಲ್ಲಿ ಆ ಬಳಗದ ಹೆಸರಿನಲ್ಲೇ ಸಿಗುತ್ತವೆ. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್‌ನ ಜಾಗತಿಕ ಸಮ್ಮೇಳನ ಕೊಚ್ಚಿಯಲ್ಲೇ ನಡೆಯಿತು. ನಮ್ಮ ಗುಬ್ಬಿ, ನವಿಲು ಫಾಂಟುಗಳೂ ಡೆಬಿಯನ್ ಸೇರಿವೆ. ಸೇರಿಸಿದವರಿಗೆ ಈ ವೇದಿಕೆಯಿಂದ ನಮಸ್ಕಾರ ಹೇಳುತ್ತೇನೆ. ಆದರೆ ಒಮ್ಮೆ ಸೇರಿಸಿದರೆ ಮುಗಿಯುವುದಿಲ್ಲ, ಪ್ರತಿ ಹೊಸ ಆವೃತ್ತಿಗೂ ಯಾರಾದರೂ ಕೂತು ನೋಡಬೇಕು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪ್ಯಾಕೇಜನ್ನು ಯಾರು ಬೇಕಾದರೂ ಸಿದ್ಧಪಡಿಸಬಹುದು. ಡೆಬಿಯನ್‌ನಲ್ಲಿ ಅಧಿಕೃತ ಡೆವಲಪರ್ ಒಬ್ಬರು ಪರಿಶೀಲಿಸಿ ಹೊಸಬರ ಪರವಾಗಿ ಅಪ್‌ಲೋಡ್ ಮಾಡುವ ಪದ್ಧತಿಯಿದೆ. ಫೆಡೋರಾದಲ್ಲೂ ಹೊಸಬರ ಕೈಹಿಡಿಯುವ ಪ್ರಾಯೋಜಕರಿದ್ದಾರೆ.

ಊಟವಾದ ಮೇಲಿನ ಕಮ್ಮಟದ ಬಗ್ಗೆ ಸಂಘಟಕರಲ್ಲಿ ನನ್ನದೊಂದು ಬೇಡಿಕೆ. ಹೊಸ ತಂತ್ರಾಂಶ ಬರೆಯುವುದು ಬೇಡ. ಗುಬ್ಬಿ ಫಾಂಟಿನ ಸೋರ್ಸ್ ಪ್ಯಾಕೇಜನ್ನು ಎಲ್ಲರೂ ಇಳಿಸಿಕೊಂಡು ತಮ್ಮ ಯಂತ್ರದಲ್ಲೇ ಒಮ್ಮೆ ಕಟ್ಟಲಿ. ಪ್ಯಾಕೇಜುಗಳನ್ನು ಪರೀಕ್ಷಿಸುವ ಲಿಂಟಿಯನ್ ಎಂಬ ಸಾಧನವನ್ನು ಓಡಿಸಿ ಅದು ತೋರಿಸುವ ತಪ್ಪುಗಳನ್ನು ಓದಲಿ. ಆಮೇಲೆ ನಾನು ಹೇಳಿದ ಆ ಮೂರು ಪದಗಳನ್ನು ಡಿಸ್ಟ್ರೋದ ಲಿಬ್ರೆಆಫೀಸಿನಲ್ಲೂ ಫ್ಲಾಟ್‌ಪ್ಯಾಕ್‌ನದರಲ್ಲೂ ಟೈಪಿಸಿ ಅಕ್ಕಪಕ್ಕ ಇಟ್ಟು ನೋಡಲಿ. ವ್ಯತ್ಯಾಸ ಕಂಡರೆ ಸಂಜೆಯೊಳಗೆ ಸ್ಕ್ರೀನ್‌ಶಾಟ್ ಸಮೇತ ದೋಷವರದಿ ಹೋಗಲಿ. ಇದನ್ನು ಹಿಂದೆ ಮಾಡದವರು ಮುಂದಿನ ಸಾಲಿನಲ್ಲಿ ಕೂರಲಿ, ಬಲ್ಲವರು ಅವರ ಪಕ್ಕದಲ್ಲಿ. ನಾನೂ ಅಲ್ಲಿರುತ್ತೇನೆ.